ಜಂಬುಕೋಳಿ ಬಣ್ಣದ ಸೀರೆ

ಒಂದು ಕೋಳಿಯ ದೆಸೆಯಿಂದ ಎಂಟು ದಿನ ನಿದ್ದೆಗೆಟ್ಟ ಗಂಡಸು ಕೊಳ್ಳೇಗಾಲದಲ್ಲಿ ನಾನೊಬ್ಬನೇ ಇರಬೇಕು. ಅದೂ ಸಾರಿಗೆ ಬೀಳುವ ಕೋಳಿಯಲ್ಲ. ಧನಗೆರೆ ಕೆರೆಯ ಜೊಂಡಿನೊಳಗೆ ಕೂತು ಕೂಗುವ, ಕತ್ತು ಚಾಚಿ ನೋಡಿದರೆ ಮಾಯವಾಗುವ ಜಂಬುಕೋಳಿ.

ಹೊನ್ನೂರಿನ ಕೆಂಪನಂಜಪ್ಪನವರು ಮಗಳ ಮದುವೆಗೆ ರೇಷ್ಮೆ ಸೀರೆ ನೇಯಿಸಲು ನನ್ನ ಮಗ್ಗದ ಮುಂದೆ ಬಂದು ಕೂತರು. "ಒಂದ್ಸಲ ಧನಗೆರೆ ಕೆರೇಲಿ ಆ ಕೋಳಿ ಕಂಡಿದ್ದೆ ಕಣಯ್ಯ. ಅತ್ಲಾಗೆ ನೀಲೀನೂ ಅಲ್ಲ, ಇತ್ಲಾಗೆ ನೇರಳೇನೂ ಅಲ್ಲ. ಆ ಬಣ್ಣ ತೋರ್ಸು, ಅನ್ನೆರಡು ಸೀರೆ ನಿಂದೇ. ಇಲ್ದಿದ್ರೆ ಬೇರೆ ಮನೆ ನೋಡ್ಕತೀನಿ," ಅಂದರು. ನನ್ನ ಮಗ್ಗಕ್ಕೆ ಆ ವರ್ಷ ಬೇರೆ ಕೆಲಸವೇ ಇರಲಿಲ್ಲ.

ಆಗ ಹೊಳೆಯಿತು ಮಹೋಪಾಯ. ದೇವಣ್ಣ ಮೇಷ್ಟ್ರ ಡಬ್ಬಾ ಕ್ಯಾಮರಾವನ್ನು ಕಾಡಿ ಬೇಡಿ ತಂದೆ. ರೀಲಿನಲ್ಲಿ ಎಂಟೇ ಫೋಟೋ. ಮೊದಲ ಏಳರಲ್ಲಿ ಜೊಂಡು ಬಿತ್ತು, ಎಮ್ಮೆ ಬಿತ್ತು, ನನ್ನ ಹೆಬ್ಬೆರಳೂ ಬಿದ್ದಿರಬೇಕು. ಕೆರೆಗೆ ನಾನೂ ಬಿದ್ದೆ (ಕ್ಯಾಮರಾ ಎತ್ತಿ ಹಿಡಿದಿದ್ದೆ, ಆದರೂ ಮೇಷ್ಟ್ರಿಗೆ ಹೇಳಬೇಡಿ). ಕೋಳಿ ಮಾತ್ರ ಬೀಳಲಿಲ್ಲ.

ಎಂಟನೆಯದಕ್ಕೆ ಹೆಂಡತಿ ರುದ್ರಾಣಿಯನ್ನು ಆಚೆ ದಡಕ್ಕೆ ಕಳಿಸಿದೆ.

"ಕೋಳಿ ಓಡ್ಸಕ್ಕೆ ನನ್ನ ಕರ್ಕಂಡ್ ಬಂದ್ರಾ?"

"ಕೂಗ್ಬೇಡ ಕಣೇ. ಮೆಲ್ಲಗೆ ಚಪ್ಪಾಳೆ ತಟ್ಟು."

"ಕಾಲೂರಿದ್ರೆ ಮೊಣಕಾಲ್ಗಂಟ ಕೆಸರು. ಚಪ್ಪಾಳೆ ಬೇರೆ ಕೇಡು."

"ಅನ್ನೆರಡು ಸೀರೆ ಕಣೇ."

ಅವಳು ಚಪ್ಪಾಳೆ ತಟ್ಟಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಎಳೆದು, ಎರಡೂ ಕೈಯಲ್ಲಿ ಹರವಿ, ಗದ್ದೆಯಲ್ಲಿ ಗಿಳಿ ಓಡಿಸುವ ಹಾಗೆ ಬೀಸಿದಳು. ಕೋಳಿ ಹೊರಬಂತು. ಟಿಕ್ ಅನ್ನಿಸಿದೆ. ಅಷ್ಟರಲ್ಲಿ ಮತ್ತೆ ಮಾಯ.

ರೀಲು ಮೈಸೂರಿಗೆ ಹೋಗಿ ತೊಳೆಸಿಕೊಂಡು ಅಂಚೆಯಲ್ಲಿ ಬಂತು. ಶುಭಕಾರ್ಯವೆಂದು ಲಕೋಟೆಯನ್ನು ಕೆಂಪನಂಜಪ್ಪನವರ ಮುಂದೆಯೇ ಒಡೆದೆ. ಮದುವೆ ಹುಡುಗಿಯೂ ಬಂದಿದ್ದಳು. ಕೋಳಿ ಇತ್ತು, ಕೊಕ್ಕಿತ್ತು, ಬಣ್ಣವೊಂದು ಇರಲಿಲ್ಲ. (ನಮ್ಮ ಗೋಡೆಯ ಮೇಲಿನ ಮದುವೆ ಫೋಟೋ ಕೂಡ ಕಪ್ಪು ಬಿಳುಪೇ. ನೇಯುವವನ ಬುದ್ಧಿ ನೋಡಿ, ಅದು ಹಳೆಯದಾಗಿ ಬಣ್ಣ ಬಿಟ್ಟಿದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.)

"ಏನಯ್ಯ ನಂಜುಂಡಯ್ಯ, ಮದ್ವೆ ಎಣ್ಗೆ ಬೂದಿ ಬಣ್ಣ ಉಡ್ಸಾನಾ?"

ಹುಡುಗಿ ಫೋಟೋ ತೆಗೆದುಕೊಂಡು ದಿಟ್ಟಿಸಿದಳು. "ಅಪ್ಪ, ಕೋಳಿ ಬುಡು. ಇಂದೆ ನಿಂತವ್ರಲ್ಲ, ಈ ಅಮ್ಮನ ಸೆರಗು ನೋಡು. ಎಂಥ ಅಂಚು, ಎಂಥ ಬುಟ್ಟಾ. ನಂಗೆ ಇಂಥದ್ದೇ ಬೇಕು."

ಹೋದ ಜೀವ ಬಂತು. "ಅದಕ್ಕೇನು ತಾಯಿ," ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕೆಂಪನಂಜಪ್ಪನವರು ಬಾಗಿಲಲ್ಲಿ ನಿಂತಿದ್ದ ರುದ್ರಾಣಿಯ ಕಡೆ ತಿರುಗಿದ್ದರು. "ಇದ ನೇಯ್ದೋರು ಯಾರವ್ವ?"

"ಯಳಂದೂರಲ್ಲಿ ನಮ್ಮಣ್ಣ, ಯಜಮಾನ್ರೇ," ಅಂದಳು. "ಇವ್ರ ಮಗ್ಗದಲ್ಲಿ ಊರ್ಗೆಲ್ಲ ಸೀರೆ ಆಯ್ತದೆ. ಮದ್ವೆಯಾಗಿ ಒಂಬತ್ತು ವರ್ಸ, ನಂಗೊಂದು ಆಗಿಲ್ಲ."

ಕೆಂಪನಂಜಪ್ಪನವರು ಎದ್ದು ಯಳಂದೂರಿನ ಮನೆಯ ಗುರುತು ಕೇಳಿದರು.

"ನಿಮ್ಗೆ ಸಿಕ್ಕಕ್ಕಿಲ್ಲ, ಸಂದಿ ಒಳಗದೆ," ಎಂದು ರುದ್ರಾಣಿ ಒಳಗಿನಿಂದ ನನ್ನ ಅಂಗಿ ತಂದು ಕೈಗಿತ್ತಳು. "ಇವ್ರಿಗೇನು ಕೆಲ್ಸ ಇಲ್ಲ. ಜೊತೇಲಿ ಬಂದು ತೋರ್ಸ್ತಾರೆ."