ಐದು ಕೋಟುಗಳ ಕೋರಂ

ನಮ್ಮ ನೀರು ಸರಬರಾಜು ಸಮಿತಿಯಲ್ಲಿ ಏಳು ಜನ ಸದಸ್ಯರಿದ್ದು, ಕೋರಂಗೆ ಬೇಕಾದ ಐವರು ಹಾಜರಿದ್ದ ಹೊರತು ಯಾವ ನಿರ್ಣಯವೂ ಊರ್ಜಿತವಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ತಿಳಿಯಪಡಿಸುತ್ತಿರುವವನು ನಾನು, ಸಮಿತಿಯ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ನಡವಳಿ ಪುಸ್ತಕ ಬರೆಯುತ್ತಿದ್ದೇನೆ. ಅದರಲ್ಲಿ ಒಂದೂ ಚಿತ್ತಿಲ್ಲ, ಬರಹವೂ ಅಷ್ಟಾಗಿ ಇಲ್ಲ.

ಮೊದಲೆಲ್ಲ ಸದಸ್ಯರು ಒಬ್ಬೊಬ್ಬರಾಗಿ ಬಂದು, ಇಬ್ಬರೇ ಇರುವುದನ್ನು ಕಂಡು ವಾಪಸಾಗುತ್ತಿದ್ದರು. ಈ ವೃಥಾ ಓಡಾಟ ತಪ್ಪಿಸಲು ನಿಯಮ ಹದಿನಾಲ್ಕು ಜಾರಿಗೆ ಬಂತು: ಸದಸ್ಯರು ಮುಂಚಿತವಾಗಿ ತಮ್ಮ ಕೋಟು ಕಳಿಸಿ ಕುರ್ಚಿಗೆ ಹಾಕಿಸತಕ್ಕದ್ದು, ಐದು ಕೋಟು ಸೇರಿದೊಡನೆ ಜವಾನ ಗಂಟೆ ಬಾರಿಸತಕ್ಕದ್ದು. ಚಿನ್ನದಂಥ ನಿಯಮ. ಆದರೆ ಬೇರೆಯವರ ಕೋಟು ಕಾಣದೆ ತಮ್ಮದನ್ನು ಕಳಿಸಲು ಯಾರೂ ತಯಾರಿರಲಿಲ್ಲ. "ಮೊದಲೇ ಕಳಿಸಿದ್ರೆ ಕೆಲಸವಿಲ್ಲದವನು ಅಂತಾರೆ" ಎನ್ನುವುದು ಎಲ್ಲರ ವಾದ. ಹನ್ನೊಂದು ತಿಂಗಳಿಂದ ಅಧ್ಯಕ್ಷರ ಕೋಟೊಂದೇ ನೇತಾಡುತ್ತಿತ್ತು. ಅಧ್ಯಕ್ಷರು ಪಕ್ಕದ ಕೋಣೆಯಲ್ಲಿ ಬರೀ ಶರ್ಟಿನಲ್ಲಿ ನಡುಗುತ್ತಿದ್ದರು.

ಹೀಗಿರಲು ನೀರು ಪರೀಕ್ಷೆಯ ಮೇಡಂ ವರದಿ ಹಿಡಿದು ಬಂದರು.

"ಸಾರ್, ದೊಡ್ಡ ಟ್ಯಾಂಕಲ್ಲಿ ಬ್ಯಾಕ್ಟೀರಿಯಾ ಇದೆ. ತೊಳೆಸ್ಬೇಕು."

"ತೊಂದರೆ ಏನಾದ್ರೂ ಮಾಡಿದಾವಾ?" ಎಂದರು ಅಧ್ಯಕ್ಷರು.

"ಇನ್ನೂ ಇಲ್ಲ. ಒಂದೊಂದೂ ಒಂದು ರಾಸಾಯನಿಕ ಬಿಡ್ತಾ ಇರುತ್ತೆ. ನೀರಲ್ಲಿ ಅದು ಸಾಕಷ್ಟು ಸೇರಿದ್ರೆ, ನಮ್ಮವರು ಬೇಕಾದಷ್ಟಿದಾರೆ ಅಂತ ಅವಕ್ಕೆ ಗೊತ್ತಾಗುತ್ತೆ. ಆಗ ಅಲ್ಲೀವರೆಗೆ ಸುಮ್ಮನಿದ್ದ ಜೀನು ಎಲ್ಲದರಲ್ಲೂ ಒಟ್ಟಿಗೆ ಎದ್ದು ವಿಷ ಮಾಡುತ್ತೆ. ಇನ್ನು ಹತ್ತೇ ದಿನ."

"ಅಂದ್ರೆ ಕೋರಂ ಆಗೋವರೆಗೆ ಕಲಾಪ ಶುರುಮಾಡಲ್ಲ ಅನ್ನಿ. ಭೇಷ್! ಶಿಸ್ತಿನ ಜೀವಿಗಳು."

"ಹೆರಿಗೆ ಆಸ್ಪತ್ರೆಗೆ ಅದೇ ನೀರು ಸಾರ್. ನನ್ನ ತಂಗಿ ಅಲ್ಲೇ ಇದಾಳೆ, ಚೊಚ್ಚಲು." ಮೇಡಂ ವರದಿಯನ್ನು ಅಧ್ಯಕ್ಷರ ಮುಂದಿಟ್ಟರು. ನನಗೂ ಪಾಪ ಅನ್ನಿಸಿತು. ಅದನ್ನು ನಡವಳಿಯಲ್ಲಿ ಬರೆಯಲು ಅವಕಾಶವಿಲ್ಲ.

"ಕೋರಂ ಇಲ್ಲದೆ ನಾನೇನು ಮಾಡ್ಲಮ್ಮ?" ಎಂದರು ಅಧ್ಯಕ್ಷರು.

ಮೇಡಂ ನೇತಾಡುವ ಕೋಟನ್ನೇ ನೋಡುತ್ತ ನಿಂತರು. "ಆ ರಾಸಾಯನಿಕ ನಾವೇ ಸುರಿದ್ರೂ ಸಾಕು. ಬ್ಯಾಕ್ಟೀರಿಯಾ ನಾಲ್ಕೇ ಇದ್ರೂ, ಬೇಕಾದಷ್ಟಿದೀವಿ ಅಂತ ಮೋಸಹೋಗ್ತವೆ" ಎಂದು ತಮಗೆ ತಾವೇ ಹೇಳಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ನಾಲ್ಕು ಕೋಟು ಬಂದವು: ಮೇಡಂ ಗಂಡನ ಮದುವೆ ಕೋಟು, ಇಸ್ತ್ರಿ ಅಂಗಡಿಯಿಂದ ಕೇಳಿ ತಂದ ಎರಡು, ಬ್ಯಾಂಡಿನವನ ಕೆಂಪು ಜರಿ ಕೋಟು. ಜವಾನ ಎಣಿಸಿದ, ಐದಾಗಿತ್ತು. ಗಂಟೆ ಬಾರಿಸಿದ.

ಉಳಿದ ಆರೂ ಸದಸ್ಯರು ಬಿದ್ದಂಬೀಳ ಓಡಿಬಂದರು. ಕೋಟಿರುವ ಕುರ್ಚಿ ಭರ್ತಿಯಾದ ಕುರ್ಚಿ ಎಂದು ನಾನು ನಿಯಮ ತೋರಿಸಿದೆ. ಒಬ್ಬರು ಕೆಂಪು ಕೋಟನ್ನು ಎಳೆಯಹೋಗಿ, ಜರಿ ಕಂಡು, "ಯಾರೋ ದೊಡ್ಡವರಿರ್ಬೇಕು" ಎಂದು ಕೈ ಹಿಂದೆ ತೆಗೆದರು. ಎಲ್ಲರೂ ಹೊರಗೆ ನಿಂತರು. ಖಾಲಿ ಕುರ್ಚಿ ಎರಡಿದ್ದವು. ಮೊದಲು ಕೂತವನು ಕೆಲಸವಿಲ್ಲದವನಾಗುತ್ತಾನಲ್ಲ!

ಅಧ್ಯಕ್ಷರು ತಮ್ಮ ಕೋಟಿನ ಪಕ್ಕ ನಿಂತು ಕೇಳಿದರು: "ಟ್ಯಾಂಕ್ ತೊಳೆಸೋದಕ್ಕೆ ಯಾರದಾದ್ರೂ ವಿರೋಧ?" ಒಂದು ತೋಳೂ ಮೇಲೇಳಲಿಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಸಂಜೆಗೆಲ್ಲ ಟ್ಯಾಂಕ್ ತೊಳೆದಾಯಿತು. ಐದನೆಯ ದಿನ ತಂಗಿಗೆ ಹೆಣ್ಣುಮಗು. ತಾಯಿ, ಮಗು ಕ್ಷೇಮ.

ಸಮಿತಿಯ ಇತಿಹಾಸದಲ್ಲೇ ಇಷ್ಟು ಸುಸೂತ್ರ ಸಭೆ ನಡೆದಿರಲಿಲ್ಲ. ಆದಕಾರಣ ಐದೂ ಕೋಟುಗಳನ್ನು ಕಾಯಂ ಸದಸ್ಯರನ್ನಾಗಿ ಮಾಡಲಾಯಿತು. ಹಳೆಯ ಸದಸ್ಯರು ಪೀಡೆ ತೊಲಗಿತೆಂದು ಕೈಮುಗಿದು ಹೋದರು. ಮೇಡಂ ಗಂಡ ಮಾತ್ರ ಕೋಟು ಕೇಳಲು ಎರಡು ಸಲ ಬಂದಿದ್ದ. ಅಧಿಕಾರಾವಧಿ ಮುಗಿಯಲಿ ಎಂದು ಸಮಾಧಾನ ಹೇಳಿ ಕಳಿಸಿದೆ.

ವರ್ಷ ಕಳೆದು, ಒಂದು ಬುಧವಾರ ಮೇಡಂ ಮತ್ತೆ ಬಂದರು.

"ಸಾರ್, ಟ್ಯಾಂಕಲ್ಲಿ ಮತ್ತೆ ಶುರುವಾಗಿದೆ. ಈಗ ಆ ಮಗು ಕುಡಿಯೋದೂ ಅದೇ ನೀರು."

"ಕೋರಂ ಇಲ್ಲಮ್ಮ" ಎಂದರು ಅಧ್ಯಕ್ಷರು, "ಸದಸ್ಯರು ಇಸ್ತ್ರಿಗೆ ಹೋಗಿದಾರೆ. ಗುರುವಾರ ಬರ್ತಾರೆ. ಜರಿಯವರು ಮಾತ್ರ ಡ್ರೈಕ್ಲೀನು, ಸೋಮವಾರ."

"ಬೇರೆ ಕೋಟು ತರ್ತೀನಿ."

"ಯಾರ್ಯಾರದೋ ಕೋಟು ತಂದು ಕೂರಿಸಿದ್ರೆ ಆಗುತ್ತಾ? ಇದೇನು ಸಂತೆಯಾ?"

"ಟ್ಯಾಂಕಲ್ಲಿ ಶನಿವಾರಕ್ಕೇ ಕೋರಂ ಆಗುತ್ತೆ ಸಾರ್."

"ಅವು ನಿಯಮ ಪಾಲಿಸ್ತವೆ. ನಾವು ಪಾಲಿಸ್ಬೇಡ್ವಾ?"

ಮೇಡಂ ಖಾಲಿ ಕುರ್ಚಿಗಳನ್ನು ಎಣಿಸಿದರು. ಆಮೇಲೆ ಬೆಂಚಿನ ಮೇಲೆ ಕೂತು, ತಂಗಿಗೆ ಫೋನು ಮಾಡಿ, ಸೋಮವಾರದವರೆಗೆ ನೀರು ಕುದಿಸಿ ಕುಡಿಸು ಅಂದರು.