ಮೊರೊಂಗಾನ ಕೊಕ್ಕೆ ಬಾಲ

ಮೊರೊಂಗಾನ ಬಾಲದ ತುದಿ ಕೊಕ್ಕೆಯಾಗಿ ಬಾಗಿದ್ದೇ ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ. ಮೊರೊಂಗಾ ಅಂದರೆ ಎಲಿಹಿಯೊ ಸಾಕಿದ ಅಹೋಲೋಟೆ, ನೀರಲ್ಲೇ ಬಾಳುವ ಹಲ್ಲಿಯಂಥ ಪ್ರಾಣಿ. ಕೆಸರಿನ ಬಣ್ಣ, ತಲೆಯ ಎರಡೂ ಕಡೆ ಗರಿಯಂಥ ಕಿವಿರು, ಬೈದರೂ ನಗುವ ಬಾಯಿ. ತಮ್ಮೂರು ಸೋಚಿಮಿಲ್ಕೋದ ಕಾಲುವೆಗಳಲ್ಲಿ ಈಗ ದೀಪ ಹಿಡಿದು ಹುಡುಕಿದರೂ ಈ ಜೀವ ಸಿಗುವುದು ಕಷ್ಟ. ಎಲಿಹಿಯೊ ಇದನ್ನು ಬೆರಳುದ್ದದ ಮರಿಯಿಂದ ಎಂಟು ವರ್ಷ ಸಾಕಿದ್ದ. ತನ್ನ ಮದುವೆಯ ಕಾಗದ ಎಲ್ಲಿದೆಯೋ ಅವನಿಗೆ ಗೊತ್ತಿಲ್ಲ; ಮೊರೊಂಗಾನನ್ನು ಸಾಕಲು ಕೊಟ್ಟ ಸರ್ಕಾರಿ ಪರವಾನಗಿಗೆ ಮಾತ್ರ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದ.

ಆರು ದಿನದಿಂದ ಅದು ಎರೆಹುಳ ಮುಟ್ಟಿರಲಿಲ್ಲ. ಬೆಳಿಗ್ಗೆ ಬಂದ ಪ್ರಾಣಿವೈದ್ಯೆ ನಯೆಲಿ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಬಾಲ ಕೊಕ್ಕೆಯಾಗಿದೆ, ಕಿವಿರು ಮುಂದಕ್ಕೆ ಬಾಗಿದೆ, ಪಾಪದ್ದಕ್ಕೆ ಒಂದು ಗಳಿಗೆಯೂ ನೆಮ್ಮದಿ ಇಲ್ಲ ಅಂದಳು. ನೀರು ತಣ್ಣಗಿರಬೇಕು, ಬೆಳಕು ಬೀಳಬಾರದು, ಸದ್ದು ಕೂಡದು.

"ಸಂಜೆ ಐದಕ್ಕೆ ಬರ್ತೀನಿ ದೋನ್ ಎಲಿಹಿಯೊ. ಆಗಲೂ ಹೀಗೇ ಇದ್ರೆ ನಮ್ಮ ಆಸ್ಪತ್ರೆ ಕೊಳಕ್ಕೆ ತಗೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಕೊಳಕ್ಕೆ ಹೋದದ್ದು ವಾಪಸು ಬರುವುದಿಲ್ಲ ಅನ್ನೋದು ಊರಿಗೇ ಗೊತ್ತು. ಎಲಿಹಿಯೊ ತಡಮಾಡಲಿಲ್ಲ. ತೊಟ್ಟಿಯ ಮೇಲೆ ತೀರಿಕೊಂಡ ಹೆಂಡತಿಯ ದಪ್ಪ ಶಾಲು ಹೊದಿಸಿದ, ನೀರಿಗೆ ಮಂಜುಗಡ್ಡೆಯ ಬಾಟಲಿ ಇಳಿಬಿಟ್ಟ. ಹತ್ತು ನಿಮಿಷ ಕಳೆದು ಶಾಲಿನ ಮೂಲೆ ಎತ್ತಿ, ಟಾರ್ಚ್ ಬಿಟ್ಟು, ಬಾಲ ನೆಟ್ಟಗಾಯಿತೇ ಎಂದು ನೋಡಿದ. ಆಗಿರಲಿಲ್ಲ.

ಸುದ್ದಿ ತಿಳಿದು ಓಣಿಯವರೆಲ್ಲ ಬಾಗಿಲಿಗೆ ಬಂದರು. ಒಬ್ಬರು ನೀರಿಗೆ ಎರಡು ಹನಿ ಪುಲ್ಕೆ ಹೆಂಡ ಬಿಡು ಅಂದರು, ಇನ್ನೊಬ್ಬರು ಅದಕ್ಕೊಂದು ಹೆಣ್ಣು ನೋಡು ಅಂದರು. ಬ್ಯಾಂಡಿನಲ್ಲಿ ಟ್ಯೂಬಾ ಎಂಬ ಭಾರೀ ತುತ್ತೂರಿ ಊದುವ ಫಿದೆನ್ಸಿಯೊ, ತಮ್ಮಜ್ಜಿ ಇಂಥದ್ದನ್ನೇ ಕುದಿಸಿ ಕೆಮ್ಮಿನ ಸಿರಪ್ ಮಾಡುತ್ತಿದ್ದಳೆಂದು ಬಾಯಿ ಚಪ್ಪರಿಸಿದ. ಎಲಿಹಿಯೊ ಎಲ್ಲರನ್ನೂ ಹೊರಗಟ್ಟಿ ಚಿಲಕ ಹಾಕಿದ.

ಆದರೆ ದೊಡ್ಡ ಗಂಡಾಂತರ ಇನ್ನೂ ಬಾಕಿಯಿತ್ತು. ಮಧ್ಯಾಹ್ನ ಮೂರಕ್ಕೆ ಪಕ್ಕದ ಮನೆಯ ದೋನ್ಯ ಚೆಂಚಾಳಲ್ಲಿಗೆ ನಿನ್ಯೋಪಾ ಬರುವುದಿತ್ತು. ಊರೆಲ್ಲ ಮುದ್ದಿಸುವ ಬಾಲಯೇಸುವಿನ ಮೂರ್ತಿ ಅದು. ಒಬ್ಬರ ಮನೆಗೆ ಕರೆಸಬೇಕೆಂದರೆ ವರ್ಷಗಟ್ಟಲೆ ಸರದಿ. ಚೆಂಚಾ ನಾಲ್ಕು ವರ್ಷ ಕಾದಿದ್ದಳು. ಅಂಗಳದಲ್ಲಿ ಕೊಪ್ಪರಿಗೆ ತುಂಬ ಮೋಲೆ ಸಾರು ಕುದಿಯುತ್ತಿತ್ತು. ಬ್ಯಾಂಡು, ಮುಖವಾಡದ ಕುಣಿತದವರು, ಕಟ್ಟುಗಟ್ಟಲೆ ಪಟಾಕಿ, ಎಲ್ಲ ಸಿದ್ಧ.

ಎಲಿಹಿಯೊ ಅಡುಗೆಮನೆಯ ಕುರ್ಚಿ ತಂದು ಓಣಿಯ ನಟ್ಟನಡುವೆ ಹಾಕಿಕೊಂಡು ಕೂತ. ನಡುನಡುವೆ ಒಳಗೆ ಓಡಿ, ಟಾರ್ಚ್ ಬಿಟ್ಟು, ಗಾಜನ್ನು ಮೆಲ್ಲಗೆ ತಟ್ಟಿ, "ಮಗಾ, ಧೈರ್ಯವಾಗಿರು" ಅಂದು ಮತ್ತೆ ಬಂದು ಕೂರುತ್ತಿದ್ದ.

ಮೆರವಣಿಗೆ ಬಂತು, ಕುರ್ಚಿಯ ಮುಂದೆ ನಿಂತಿತು. ಚೆಂಚಾ ಸೌಟು ಹಿಡಿದೇ ಬಂದಳು.

"ದೇವರ ದಾರಿಗೆ ಅಡ್ಡ ಕೂತಿದ್ದೀಯಲ್ಲೋ, ನಾಚಿಕೆ ಆಗಲ್ವಾ ನಿನಗೆ?"

"ದೇವರು ಬರಲಿ, ಬೇಡ ಅಂದೋರ್ಯಾರು? ತುತ್ತೂರಿ, ಪಟಾಕಿ ಬೇಡ. ನನ್ನನ್ನ ಕುರ್ಚಿ ಸಮೇತ ಎತ್ತಿ ಕಾಲುವೆಗೆ ಹಾಕಿ, ಈಜ್ಕೊಂಡು ಬಂದು ಮತ್ತೆ ಇಲ್ಲೇ ಕೂರ್ತೀನಿ."

ನಾಲ್ಕು ಜನ ಕುರ್ಚಿಯ ಕಾಲಿಗೆ ಕೈ ಹಾಕಿಯೇಬಿಟ್ಟರು. ಎಲಿಹಿಯೊ ಮೂರ್ತಿಯನ್ನು ಎತ್ತಿಕೊಂಡಿದ್ದ ದೋನ್ ಸೆವೆರೊನ ಕಡೆ ತಿರುಗಿದ. ಆ ವರ್ಷ ಬಾಲದೇವರ ಆರೈಕೆ, ಸ್ನಾನ, ಉಡುಪು ಎಲ್ಲ ಸೆವೆರೊನದೇ.

"ಬೆಳಿಗ್ಗೆಯಿಂದ ಎಷ್ಟು ಮನೆ ಸುತ್ತಿಸಿದ್ರಿ? ಮಗುಗೆ ಮಧ್ಯಾಹ್ನದ ನಿದ್ದೆ ಆಯ್ತಾ?"

ಸೆವೆರೊ ಬಿಳುಚಿಕೊಂಡ. ದಿನವೂ ರಾತ್ರಿ ಎಂಟಕ್ಕೆ ಲಾಲಿ ಹಾಡಿ ಮೂರ್ತಿಯನ್ನು ಮಲಗಿಸುವವನು ಅವನು. ಮೂರ್ತಿಯ ಮುಖವನ್ನೇ ಎರಡು ನಿಮಿಷ ನೋಡಿದ. ನಿದ್ದೆಗಣ್ಣಾಗಿದೆ ಅಂತ ಪಿಸುಗುಟ್ಟಿದ. ಮುಗಿಯಿತು. ಟ್ಯೂಬಾ ಕೆಳಗಿಳಿಯಿತು, ಪಟಾಕಿ ಚೀಲ ಸೇರಿತು. ಮುನ್ನೂರು ಜನ ಚಪ್ಪಲಿ ಕೈಯಲ್ಲಿ ಹಿಡಿದು ಮೊರೊಂಗಾನ ಕಿಟಕಿಯ ಮುಂದೆ ಬೆಕ್ಕಿನ ಹಾಗೆ ನಡೆದುಹೋದರು. ಚೆಂಚಾ ಮಾತ್ರ ಹೋಗುತ್ತಾ ಸೌಟು ತೋರಿಸಿದಳು.

ಐದಕ್ಕೆ ನಯೆಲಿ ಬಂದು ಶಾಲು ಎತ್ತಿದಳು. ಬಾಲ ಕೊಕ್ಕೆಯೇ.

"ಇದ್ಹೇಗೆ ಸಾಧ್ಯ? ಸೊಳ್ಳೆ ಗುಂಯ್ ಅನ್ನೋಕೂ ಬಿಟ್ಟಿಲ್ಲ ನಾನು. ಹತ್ತು ಹತ್ತು ನಿಮಿಷಕ್ಕೆ ಟಾರ್ಚ್ ಹಾಕಿ ನೋಡಿದ್ದೀನಿ, ತಟ್ಟಿ ಮಾತಾಡ್ಸಿದ್ದೀನಿ."

"ಇವತ್ತಾ?"

"ಆರು ದಿನದಿಂದ. ಹುಳ ತಿನ್ತಾ ಅಂತ ನೋಡಬೇಡ್ವಾ?"

ನಯೆಲಿ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಮುಕ್ಕಾಲು ಗಂಟೆಯ ಮೇಲೆ ಹೊರಬಂದಳು. ಬಾಲ ನೆಟ್ಟಗಾಗಿತ್ತು, ಮೊರೊಂಗಾ ಎರಡು ಹುಳ ನುಂಗಿತ್ತು. ಎಲಿಹಿಯೊ ಆನಂದದಿಂದ ಒಳಗೆ ನುಗ್ಗಹೋದ. ಅವಳು ಅಡ್ಡ ನಿಂತಳು.

"ಮೊರೊಂಗಾ ಇಲ್ಲೇ ಇರಲಿ. ಮನೆ ಬಿಡಬೇಕಾದೋರು ನೀವು. ಹತ್ತು ದಿನ."

ಆಗಲ್ಲ ಅಂದ, ಇದು ನನ್ನ ಮನೆ ಅಂದ, ಕಾನೂನು ಅಂದ. ಅವಳು ಮೊರೊಂಗಾನನ್ನು ಕೊಳಕ್ಕೆ ಒಯ್ಯಲು ತಂದಿದ್ದ ಬಕೆಟ್ಟಿಗೆ ಕೈ ಹಾಕಿದಳು. ಎಲಿಹಿಯೊ ದಿಂಬು ಎತ್ತಿಕೊಂಡ.

ಹುಳ ಹಾಕಲು ಬೀಗದಕೈ ಯಾರಿಗೆ ಕೊಡೋದೆಂದು ನಯೆಲಿ ಓಣಿಯಲ್ಲಿ ನಿಂತು ಕೇಳಿದಳು. ಚೆಂಚಾ ಕೈ ಚಾಚಿದಳು.

"ನನಗೆ ಅದರ ಮುಖ ಕಂಡ್ರಾಗಲ್ಲ ಡಾಕ್ಟರಮ್ಮ. ಹುಳ ಎಸೆದು, ತಿರುಗಿಯೂ ನೋಡದೆ ಬರ್ತೀನಿ."

"ಅಂಥೋರೇ ಬೇಕಾಗಿತ್ತು," ಅಂದು ನಯೆಲಿ ಬೀಗದಕೈ ಅವಳ ಅಂಗೈಗೆ ಹಾಕಿದಳು.

ದಿಂಬು ಹಿಡಿದು ನಿಂತವನನ್ನು ಚೆಂಚಾ ತನ್ನ ಮನೆಯೊಳಕ್ಕೆ ಕರೆದಳು. ಹತ್ತು ದಿನವೂ ಇಲ್ಲೇ ಇರು, ಜಾಗಕ್ಕೇನು ಬರ ಅಂದಳು. ಅವಳ ನಗು ಎಲಿಹಿಯೊಗೆ ಸ್ವಲ್ಪವೂ ಸರಿಬರಲಿಲ್ಲ. ಕೋಣೆಯಲ್ಲಿ ಎರಡು ಮಂಚ. ಒಂದು ಖಾಲಿ. ಇನ್ನೊಂದರ ಮೇಲೆ ಚೆಂಚಾಳೇ ಕರೆಸಿ ಕೂರಿಸಿದ್ದ ಫಿದೆನ್ಸಿಯೊ, ಮಡಿಲಲ್ಲಿ ಟ್ಯೂಬಾ.

"ಮಧ್ಯಾಹ್ನ ಊದದೇ ಬಿಟ್ಟದ್ದೆಲ್ಲ ಹೊಟ್ಟೆಯಲ್ಲೇ ಉಳ್ಕೊಂಡಿದೆ ಮಾರಾಯ," ಅಂದು ಅವನು ಬಾಗಿಲು ಮುಚ್ಚಿ, ಎದೆ ತುಂಬ ಉಸಿರೆಳೆದು ಟ್ಯೂಬಾ ಬಾಯಿಗಿಟ್ಟುಕೊಂಡ.