ಪಕ್ಕದ ಮನೆಯ ಬಹರೈನ್

“ಇನ್ಯಾರೋ ಮಾಡಿದ ಕಾಫಿನ ಕೂತಲ್ಲೇ ಕುಡಿಯೋ ಯೋಗ ಈ ಜನ್ಮದಲ್ಲಿ ಇದೆಯಾ?”

ಪಕ್ಕದ ಮನೆಯ ವಿಶಾಲಾಕ್ಷಮ್ಮ ಈ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಒಗೆಯುವ ಕಲ್ಲಿನ ಮುಂದೆ ನಿಂತು, ಹಿಂಡಿದ ಪಂಚೆಯನ್ನು ಕೊಡವುತ್ತ, ಗಾಳಿಗೆ ಕೇಳಿದರು. ಕಾಂಪೌಂಡಿನ ಈಚೆ ತುಳಸಿಗೆ ನೀರು ಹಾಕುತ್ತಿದ್ದ ನಾನು ಕೇಳಿಸಿಕೊಂಡೆ. ಕೇಳಿಸಿಕೊಳ್ಳುವುದೇ ನನ್ನ ಸ್ವಭಾವ. ನಮ್ಮ ತಂದೆ ಪ್ರತಿ ಸಂಜೆ ಜಗಲಿಯಲ್ಲಿ ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು. ಅವರ ಪಕ್ಕ ಕೂತು ಕೂತು ಬಾಯಿಗಿಂತ ಕಿವಿಯೇ ಹೆಚ್ಚು ಬೆಳೆದ ಒಂಟಿ ಮನುಷ್ಯ ನಾನು. ಯಾರಿಗೂ ‘ಇಲ್ಲ’ ಎಂದು ಹೇಳಿ ಅಭ್ಯಾಸವಿಲ್ಲ. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಆ ಪ್ರಶ್ನೆ ವಿಶಾಲಾಕ್ಷಮ್ಮನ ಯಜಮಾನರಾದ ಚಿದಂಬರಯ್ಯನವರ ಕಿವಿಗೂ ಬಿತ್ತು. ಚಿದಂಬರಯ್ಯನವರು ಯಂತ್ರ ಮಾಡುವವರು. ಅವರು ಮಾಡಿದ ದೋಸೆ ಮಗುಚುವ ಯಂತ್ರದ ಮೊದಲ ದೋಸೆ ಇವತ್ತಿಗೂ ತುಮಕೂರಿನ ನಮ್ಮ ಬೀದಿಯ ವಿದ್ಯುತ್ ಕಂಬದ ಮೇಲಿದೆ.

“ಯಾಕಿಲ್ಲ ವಿಶಾಲು? ಪ್ರವಾಸಕ್ಕೆ ಕರ್ಕೊಂಡು ಹೋಗ್ತೀನಿ!” ಎಂದರು ಅವರು.

“ಮೂವತ್ತು ವರ್ಷದ ಹಿಂದೆ ಹನಿಮೂನಿಗೆ ಗೋವಾಕ್ಕೂ ಹೀಗೇ ಕರ್ಕೊಂಡು ಹೋದ್ರಲ್ಲ! ಅರಸೀಕೆರೆ ಪ್ಲಾಟ್‌ಫಾರಮ್ಮಿನಲ್ಲಿ ಗಡಿಯಾರ ನಿಂತಿದೆ, ಸರಿ ಮಾಡ್ತೀನಿ ಅಂತ ಇಳಿದ್ರಿ. ಗಡಿಯಾರ ಹೊರಡ್ತು, ರೈಲೂ ಹೊರಡ್ತು!”

“ಗಡಿಯಾರ ಇವತ್ತಿಗೂ ಓಡ್ತಿದೆ ಕಣೇ.”

“ನಮ್ಮ ಪೆಟ್ಟಿಗೆಯೂ ಇವತ್ತಿಗೂ ಎಲ್ಲೋ ಓಡ್ತಾನೇ ಇದೆ. ಈ ಸಲ ನಾನು ಹೋಗೋದು ಹೋಗೋದೇ. ನೀವು ಬಂದ್ರೂ ಸರಿ, ಬರದಿದ್ರೂ ಸರಿ.”

ಹನ್ನೊಂದು ವರ್ಷ ಹೊಲಿಗೆ ತರಗತಿ ನಡೆಸಿ ಕೂಡಿಟ್ಟ ಹಣದಲ್ಲಿ ಆಕೆ ಬಹರೈನಿನ ಸಮುದ್ರದಂಡೆಯ ದೊಡ್ಡ ಹೋಟೆಲೊಂದರಲ್ಲಿ ಏಳು ದಿನಕ್ಕೆ ಕೋಣೆ ಹಿಡಿದೇಬಿಟ್ಟರು. ಬಹರೈನೇ ಯಾಕೆ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, “ನಕ್ಷೆಯಲ್ಲಿ ಸಾಸಿವೆ ಕಾಳಿನಷ್ಟಿದೆ ಶೇಷಾದ್ರಿಗಳೇ. ಒಂದು ವಾರದಲ್ಲಿ ಪೂರ್ತಿ ನೋಡಿ ಮುಗಿಸಬಹುದು. ಅರ್ಧಂಬರ್ಧ ನೋಡೋದು ನನಗಾಗಲ್ಲ” ಎಂದರು.

ಎರಡು ತಿಂಗಳ ಮೇಲೆ ಚಿದಂಬರಯ್ಯನವರು ನನ್ನನ್ನು ಕರೆದು ಯಂತ್ರ ತೋರಿಸಿದರು. ರೈಲಿನ ಪಾಲಾಗದೆ ಉಳಿದಿದ್ದ ಅವರ ಮದುವೆಯ ಕಬ್ಬಿಣದ ಟ್ರಂಕಿಗೆ ನಾಲ್ಕು ಚಕ್ರ, ಎರಡು ಉದ್ದನೆಯ ತೋಳು, ಮುಚ್ಚಳದ ಮೇಲೆ ಗಿರಗಿರ ತಿರುಗುವ ಎರಡು ಗಾಜಿನ ಕಣ್ಣು!

“ಇದರ ಹೆಸರು ಸಂಚಾರಿ! ಊರಿನ ಹೆಸರು ಹೇಳಿದರೆ ಸಾಕು, ಬೇಕಾದ್ದನ್ನೆಲ್ಲ ತಾನೇ ತುಂಬಿಕೊಳ್ಳುತ್ತೆ, ತಾನೇ ನಡೆಯುತ್ತೆ. ತಲುಪಿದ ಜಾಗದಲ್ಲಿ ಏನಾದರೂ ಕೊರತೆ ಇದ್ದರೆ ಫೋನು ಮಾಡಿ ತರಿಸಿ ಪೂರೈಸುತ್ತೆ! ನೋಡಿ ಬೇಕಾದ್ರೆ. ಸಂಚಾರಿ, ತಿರುಪತಿ!”

ಟ್ರಂಕಿನ ಕಣ್ಣು ಕೋಣೆಯನ್ನೆಲ್ಲ ಸುತ್ತಿ ನನ್ನ ಮೇಲೆ ನಿಂತಿತು. ಒಂದು ತೋಳು ನನ್ನ ಹೆಗಲು ಹಿಡಿಯಿತು. ಇನ್ನೊಂದರಲ್ಲಿ ಕ್ಷೌರದ ಕತ್ತಿ ಹೊಳೆಯಿತು.

“ಸಂಚಾರಿ, ಊಟಿ! ಊಟಿ!” ಎಂದು ಚಿದಂಬರಯ್ಯ ಕೂಗಿಕೊಂಡರು. ಕತ್ತಿ ಒಳಗೆ ಹೋಯಿತು, ಮಫ್ಲರು ಹೊರಗೆ ಬಂತು. ಉಳಿದ ನಾಲ್ಕು ಕೂದಲಿಗಾಗಿ ನಾನು ಮನಸ್ಸಿನಲ್ಲೇ ಭಗವಂತನಿಗೆ ಕೈಮುಗಿದೆ.

“ಆಫ್ ಮಾಡೋ ಸ್ವಿಚ್ ಎಲ್ಲಿದೆ?” ಎಂದು ಕೇಳಿದರು ವಿಶಾಲಾಕ್ಷಮ್ಮ.

“ಒಳಗಡೆ! ಪಾಸ್‌ಪೋರ್ಟೂ ಒಳಗಡೆ. ಹೊರಟ ಮೇಲೆ ಪ್ರವಾಸ ಮುಗಿಯೋವರೆಗೂ ಮುಚ್ಚಳ ತೆರೆಯಲ್ಲ. ಅರಸೀಕೆರೆ ಕತೆ ಮತ್ತೆ ಆಗಬಾರದು ನೋಡು.”

ವಿಶಾಲಾಕ್ಷಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಟ್ರಂಕು ಎರಡೂ ಪಾಸ್‌ಪೋರ್ಟುಗಳನ್ನು ನುಂಗಿಯಾಗಿತ್ತು.

ಗುರುವಾರ ಸಂಜೆ ಬೆಂಗಳೂರಿನಿಂದ ವಿಮಾನ. ಎರಡು ಗಂಟೆಗೆ ನಮ್ಮ ಬೀದಿಯಿಂದ ಟ್ಯಾಕ್ಸಿ ಹೊರಡಬೇಕು. ಆದರೆ ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ! ಯಂತ್ರ ಮಾಡುವ ಚಿದಂಬರಯ್ಯನವರು ಪಂಚಾಂಗ ಬಿಡುವವರಲ್ಲ.

“ವಿಜ್ಞಾನ ಬೇರೆ, ರಾಹುಕಾಲ ಬೇರೆ. ಬುಧವಾರ ಒಂಬತ್ತು ಇಪ್ಪತ್ತಕ್ಕೆ ಒಳ್ಳೆ ಗಳಿಗೆ ಇದೆ. ಆಗಲೇ ಪ್ರಸ್ಥಾನ ಇಟ್ಟುಬಿಡೋಣ” ಎಂದರು.

ಪ್ರಸ್ಥಾನವೆಂದರೆ ಹಳೆಯ ಪದ್ಧತಿ. ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದವರು ಆ ಗಳಿಗೆಗೆ ತಮ್ಮ ಗಂಟನ್ನೋ ಪೆಟ್ಟಿಗೆಯನ್ನೋ ಪಕ್ಕದ ಮನೆಯಲ್ಲಿ ಇಟ್ಟುಬರುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಎಷ್ಟು ಹೊತ್ತಿಗೆ ಹೊರಟರೂ ದೋಷವಿಲ್ಲ.

“ಪೆಟ್ಟಿಗೆ ಹೋದ್ರೆ ನಾವು ಹೋದ ಹಾಗಾಗುತ್ತಾ?” ಎಂದು ವಿಶಾಲಾಕ್ಷಮ್ಮ ರೇಗಿದರು.

“ಶಾಸ್ತ್ರ ಅಂದ್ರೆ ಶಾಸ್ತ್ರ! ಮೈ ಮನೇಲಿದ್ರೂ ಪೆಟ್ಟಿಗೆ ಆಚೆ ಇದ್ರೆ ಮನುಷ್ಯ ಪ್ರವಾಸದಲ್ಲಿದ್ದ ಹಾಗೇನೆ!”

ಈ ಮಾತನ್ನು ಆಕೆ ಮರೆಯಲಿಲ್ಲ. ನಾನೂ ಮರೆತಿಲ್ಲ.

ಬುಧವಾರ ಸರಿಯಾಗಿ ಒಂಬತ್ತು ಇಪ್ಪತ್ತಕ್ಕೆ “ಸಂಚಾರಿ, ಬಹರೈನ್! ಹೊರಡು!” ಎಂಬ ಕೂಗು ಕೇಳಿಸಿತು. ಟ್ರಂಕು ಗುಡುಗುಡು ಬಂದು ನಮ್ಮ ನಡುಮನೆಯಲ್ಲಿ ನಿಂತಿತು. ಗೋಡೆಯಾಚೆಯಿಂದ ಚಿದಂಬರಯ್ಯ, “ಪೆಟ್ಟಿಗೆ ತಲುಪ್ತೇನ್ರೀ ಶೇಷಾದ್ರಿಗಳೇ?” ಎಂದರು.

“ತಲುಪಿತು” ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲವಲ್ಲ!

ಆ ಮಾತು ಕೇಳಿದ್ದೇ ಟ್ರಂಕಿನ ಕಣ್ಣು ಹಸಿರಾಯಿತು. “ಬಹರೈನ್ ತಲುಪಿದ್ದೇವೆ. ಏಳು ದಿನದ ವಾಸ ಆರಂಭ” ಎಂದು ಘೋಷಿಸಿತು. ಆಮೇಲೆ ನನ್ನ ಮನೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕೊರತೆಗಳು ಬಹಳ” ಎಂದು ನಿಟ್ಟುಸಿರಿಟ್ಟಿತು. ನಲವತ್ತು ವರ್ಷ ಬಾಳಿದ ಮನೆಯ ಬಗ್ಗೆ ಪೆಟ್ಟಿಗೆಯೊಂದು ಹೀಗೆನ್ನಬಹುದೇ!

ಹತ್ತು ಗಂಟೆಗೆ ಒಂದು ಲಾರಿ ಮರಳು ಬಂತು. “ಯಾರ್ ಸಾರ್ ಮರುಭೂಮಿ ಕೇಳಿದ್ದು?” ಎಂದ ಲಾರಿಯವನು. ಹನ್ನೊಂದಕ್ಕೆ ಬಂದ ತೋಟದ ಕೆಲಸದವರು ನನ್ನ ದಾಸವಾಳ, ಕಾಕಡ, ಕರಿಬೇವುಗಳನ್ನೆಲ್ಲ ಕಿತ್ತು, ನುಗ್ಗೆಮರವೊಂದನ್ನು ಮಾತ್ರ ಬಿಟ್ಟರು. ಮರುಭೂಮಿಯ ನಡುವೆ ಒಂಟಿ ಮರವೊಂದು ನಿಂತಿರುವುದು ಆ ದೇಶದ ಹೆಸರಾಂತ ನೋಟವಂತೆ. ತುಳಸಿಕಟ್ಟೆಯನ್ನು ಮಾತ್ರ ನಾನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತು ಉಳಿಸಿದೆ.

ಸದ್ದು ಕೇಳಿ ಗಂಡಹೆಂಡತಿ ಇಬ್ಬರೂ ಓಡಿಬಂದರು. ಟ್ರಂಕು ಅವರ ಕೊರಳಿಗೆ ಹಾರ ಹಾಕಿ, ಖರ್ಜೂರ ಕೊಟ್ಟು, “ದ್ವೀಪಕ್ಕೆ ಸ್ವಾಗತ” ಎಂದಿತು. ತಕ್ಷಣ ಅದಕ್ಕೇ ಅನುಮಾನ ಬಂತು. ಕಿಟಕಿಯಿಂದ ಆಚೆ ನೋಡಿತು.

“ದ್ವೀಪದ ಸುತ್ತ ನೀರಿಲ್ಲ. ಕೊರತೆ.”

“ಚಿದಂಬರಯ್ಯನವರೇ, ನಿಲ್ಲಿಸಿ ಇದನ್ನ!” ಎಂದು ಕೂಗಿದೆ ನಾನು.

“ಹ್ಯಾಗೆ ನಿಲ್ಲಿಸ್ಲಿ? ಸ್ವಿಚ್ ಒಳಗಿದೆ!”

ಮಧ್ಯಾಹ್ನದೊಳಗೆ ಆರು ಟ್ಯಾಂಕರು ನೀರು ಬಂತು! ಟ್ರಂಕು ಚರಂಡಿಯ ಬಾಯಿಗೆ ನನ್ನ ಹಾಸಿಗೆ ಸುತ್ತಿ ತುರುಕಿತ್ತು. ಕಾಂಪೌಂಡಿನೊಳಗೆ ಮೊಣಕಾಲುದ್ದ ನೀರು ನಿಂತಿತು. ನಡುವೆ ಮನೆ, ಒಂದು ದಿಬ್ಬ ಮರಳು, ಒಂಟಿ ನುಗ್ಗೆಮರ. ನಾನು ಭಾರತ ಬಿಟ್ಟು ಕದಲದೆಯೇ ದ್ವೀಪವಾಸಿಯಾದೆ.

ಜಗಲಿಯ ಮೇಲೆ ವಿಶಾಲಾಕ್ಷಮ್ಮನನ್ನು ಕೂರಿಸಿ ಟ್ರಂಕು ಹಬೆಯಾಡುವ ಕಾಫಿ ತಂದುಕೊಟ್ಟಿತು. ಚಿದಂಬರಯ್ಯನವರ ಮುಖ ಅರಳಿತು.

“ನೋಡ್ದ್ಯಾ ವಿಶಾಲು! ಇನ್ನೊಬ್ಬರು ಮಾಡಿದ ಕಾಫಿ, ಕೂತಲ್ಲೇ! ನಿನ್ನಾಸೆ ತೀರಿತಲ್ಲ! ಮರಳಿದೆ, ನೀರಿದೆ, ಮರ ಇದೆ. ಇನ್ನು ಅಷ್ಟು ದೂರ ಯಾಕೆ? ಇಲ್ಲೇ ಏಳು ದಿನ ಇದ್ದುಬಿಡೋಣ!”

ಆಕೆ ಒಂದು ಗುಟುಕು ಕುಡಿದರು. ಲೋಟ ನೋಡಿದರು. ಒಂದು ಕ್ಷಣ ಸೋತರೇನೋ ಎಂದು ನನಗೇ ಭಯವಾಯಿತು.

“ಇದು ಶೇಷಾದ್ರಿಗಳ ಮನೆ ಕಾಫಿಪುಡಿ. ಚಿಕೋರಿ ಜಾಸ್ತಿ” ಎಂದು ಲೋಟ ಕೆಳಗಿಟ್ಟರು. “ನಾನು ಹೋಗೋದು ಹೋಗೋದೇ.”

ಅಂದು ಸಂಜೆಯವರೆಗೆ ಚಿದಂಬರಯ್ಯ ಸುತ್ತಿಗೆ, ಉಳಿ, ಹಾರೆ ಎಲ್ಲ ತಂದು ನೋಡಿದರು. ಟ್ರಂಕು ಒಂದೊಂದನ್ನೂ ವಿನಯದಿಂದ ಕಿತ್ತುಕೊಂಡು, “ಅತಿಥಿಗಳು ಶ್ರಮಪಡಬಾರದು” ಎನ್ನುತ್ತ ಅವರ ಕಾಲು ಒತ್ತಿತು. ಎಳೆದೊಯ್ಯೋಣವೆಂದರೆ ನೆಲಕ್ಕೆ ಬೇರು ಬಿಟ್ಟಂತೆ ಕದಲಲಿಲ್ಲ.

ಗುರುವಾರ ಬೆಳಿಗ್ಗೆ ವಿಶಾಲಾಕ್ಷಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ನೀರು ದಾಟಿ ಬಂದು ಟ್ರಂಕಿನ ಮುಂದೆ ಕುರ್ಚಿ ಎಳೆದು ಕೂತರು. ಹೊಲಿಗೆ ತರಗತಿಯಲ್ಲಿ ಸೊಟ್ಟ ಹೊಲಿದವರನ್ನು ಮಾತಾಡಿಸುವ ದನಿಯಲ್ಲಿ, “ಸಂಚಾರಿ, ನಾವೀಗ ಎಲ್ಲಿದ್ದೀವಪ್ಪ?” ಎಂದರು.

“ಬಹರೈನಿನಲ್ಲಿ, ತಾಯೀ.”

“ಸಂತೋಷ. ಇವತ್ತು ಪಕ್ಕದ ದೇಶ ನೋಡ್ಕೊಂಡು ಬರಬೇಕು ಅಂತಿದೀನಿ.”

“ಯಾವ ದೇಶ?”

“ಭಾರತ.”

ಟ್ರಂಕಿನ ಕಣ್ಣು ಗಿರಗಿರ ತಿರುಗಿತು. “ಎಷ್ಟು ದೂರ?”

“ಕಾಂಪೌಂಡ್ ಆಚೆ. ಬೇರೆ ದೇಶಕ್ಕೆ ಹೋಗೋಕೆ ಪಾಸ್‌ಪೋರ್ಟ್ ಬೇಕೇಬೇಕಲ್ವಾ?”

ಟ್ರಂಕು ಕಾಂಪೌಂಡನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿತು. ಕೊನೆಗೆ ಪಕ್ಕದಲ್ಲೊಂದು ಸಣ್ಣ ಕಿಂಡಿ ತೆರೆಯಿತು. “ಸತ್ಯ, ತಾಯೀ. ಆದರೆ ಕೋಣೆ ಖಾಲಿ ಬಿಡುವಂತಿಲ್ಲ. ಒಬ್ಬರು ಹೋಗಬಹುದು, ಒಬ್ಬರು ಇರಬೇಕು. ಯಾರ ಪಾಸ್‌ಪೋರ್ಟ್ ಕೊಡಲಿ?”

“ನನ್ನದು” ಎಂದರು ವಿಶಾಲಾಕ್ಷಮ್ಮ. ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡಲಿಲ್ಲ.

“ವಿಶಾಲೂ! ನಾನು?”

“ನೀವು ಬಹರೈನ್ ತಲುಪಿ ಆಯ್ತಲ್ರೀ!”

ಪಾಸ್‌ಪೋರ್ಟನ್ನು ಎದೆಗವಚಿಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಆಕೆ ನೀರಿನಲ್ಲಿ ದಾಪುಗಾಲು ಹಾಕಿದರು. ಎರಡು ಸೀರೆ, ಒಂದು ಶಾಲನ್ನು ಬಟ್ಟೆಯ ಬ್ಯಾಗಿಗೆ ತುರುಕಿಕೊಂಡು ಎರಡು ಗಂಟೆಗೆ, ನಡು ರಾಹುಕಾಲದಲ್ಲಿ, ಟ್ಯಾಕ್ಸಿ ಹತ್ತಿದರು. ಹಿಂತಿರುಗಿ ನೋಡಲಿಲ್ಲ!

ನಮ್ಮ ಪ್ರವಾಸ ಮುಂದುವರಿಯಿತು. ಮೊದಲ ಎರಡು ದಿನ ಚಿದಂಬರಯ್ಯನವರು ಖುಷಿಯಾಗಿಯೇ ಇದ್ದರು. ಸಂಜೆ ನಾನು ಎಂದಿನಂತೆ ತಂದೆಯವರ ಹಳೆಯ ಹೊತ್ತಗೆ ತೆರೆದು ನಾಲ್ಕು ಷಟ್ಪದಿ ಓದಿಕೊಂಡರೆ, ಟ್ರಂಕು ಅದನ್ನು ‘ಕಡಲತೀರದ ಸಂಗೀತ’ ಎಂದು ಪಟ್ಟಿಗೆ ಸೇರಿಸಿ, ಆಲಿಸುತ್ತ ಕೂರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಅದೇ ರಾಗದಲ್ಲಿ ನಮ್ಮನ್ನು ಎಬ್ಬಿಸಿತು:

ಬಂದ ಅತಿಥಿಗಳೆಲ್ಲ ಬನ್ನಿರಿ
ಮುಂದೆ ಬಿಸಿಬಿಸಿ ದೋಸೆ ಸಿದ್ಧವು
ಚಂದದಿಂದಲಿ ಕೊಳದ ಬದಿಯಲಿ ಕುಳಿತು ಸವಿಯುವುದೈ

ಮಾತ್ರೆ ಒಂದೂ ತಪ್ಪಿರಲಿಲ್ಲ. ತಂದೆಯವರು ಇದ್ದಿದ್ದರೆ ತಲೆದೂಗುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಭಕ್ತಿಗೆ, ಇನ್ನರ್ಧ ಸೀದ ದೋಸೆಯ ಹೊಗೆಗೆ.

ನಾಲ್ಕನೆಯ ದಿನ ‘ಮುತ್ತು ತೆಗೆಯಲು ಮುಳುಗುವುದು’ ಎಂಬ ಕಾರ್ಯಕ್ರಮ. ಮುತ್ತಿನ ಕೊರತೆ ಕಂಡ ಟ್ರಂಕು ಎರಡು ಕಿಲೋ ಸಬ್ಬಕ್ಕಿಯನ್ನು ನೀರಿಗೆ ಎರಚಿ, ಚಿದಂಬರಯ್ಯನವರ ಮೂಗಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ಮೊಣಕಾಲುದ್ದ ನೀರಿನಲ್ಲಿ ಮುಳುಗಿಸಿತು. ಎದ್ದಾಗಲೆಲ್ಲ “ಇನ್ನೂ ಇದೆ” ಎಂದು ಮತ್ತೆ ಅದ್ದಿತು. ಬಿಸಿಲಿಗೆ ನೆನೆದ ಸಬ್ಬಕ್ಕಿ ಊದಿಕೊಂಡು ದ್ವೀಪದ ಸುತ್ತ ಗಂಜಿಯೇ ಆಯಿತು!

ಗೇಟಿನಾಚೆ ಜನ ಸೇರಿದರು. ಆಟೋದವರು ನಮ್ಮ ಬೀದಿಯನ್ನು ‘ಬಹರೈನ್ ಸ್ಟಾಪ್’ ಎನ್ನತೊಡಗಿದರು. ಅಂಚೆಯವನು ಕಾಗದಗಳನ್ನು ಗೇಟಿನಿಂದಲೇ ಬಾಣದಂತೆ ಎಸೆಯುತ್ತ, “ವಿದೇಶಿ ಅಂಚೆ ಸಾರ್, ತಡ ಆಗುತ್ತೆ!” ಎಂದು ನಗುತ್ತಿದ್ದ.

ಪ್ರತಿದಿನ ವಿಶಾಲಾಕ್ಷಮ್ಮನ ಫೋನು ಬರುತ್ತಿತ್ತು.

“ಊಟ ಆಯ್ತಾ?”

“ಸಬ್ಬಕ್ಕಿ ಕಿವಿಯೊಳಗೆ ಹೋಗಿದೆ ಕಣೇ! ಬೇಗ ಬಾರೇ!”

“ಇಲ್ಲಿ ಕಾಫಿ ಬಂತು, ಇಡ್ತೀನಿ.”

ಎಂಟನೆಯ ದಿನ, ಅಂದರೆ ಮರುವಾರದ ಬುಧವಾರ, ಒಂಬತ್ತು ಇಪ್ಪತ್ತಕ್ಕೆ ಸರಿಯಾಗಿ ಟ್ರಂಕು “ಪ್ರವಾಸ ಸಂಪೂರ್ಣಂ” ಎಂದು ಮಂಗಳ ಹಾಡಿ ಮುಚ್ಚಳ ತೆರೆಯಿತು. ಚಿದಂಬರಯ್ಯ ಅದರೊಳಕ್ಕೆ ತಲೆಕೆಳಗಾಗಿ ಧುಮುಕಿ ಸ್ವಿಚ್ ಒತ್ತಿದರು. ಆಮೇಲೆ ಚರಂಡಿಯಿಂದ ನನ್ನ ಹಾಸಿಗೆ ಎಳೆದೆವು. ಬಹರೈನು ಸುಂಯ್ ಎಂದು ಹರಿದುಹೋಗಿ ನಮ್ಮ ಬೀದಿಯ ಕೊನೆಯವರೆಗೂ ಸಬ್ಬಕ್ಕಿ ಬಿಟ್ಟಿತು.

ಶುಕ್ರವಾರ ಬೆಳಿಗ್ಗೆ ವಿಶಾಲಾಕ್ಷಮ್ಮ ಆಟೋದಲ್ಲಿ ಬಂದಿಳಿದರು. ಬಸ್‌ಸ್ಟ್ಯಾಂಡಿನಲ್ಲಿ ವಿಳಾಸ ಹೇಳಿದ್ದಕ್ಕೆ ಆಟೋದವನು, “ಬಹರೈನ್ ಹತ್ರ ತಾನೇ ಅಮ್ಮಾ?” ಎಂದನಂತೆ. ಆಕೆಯ ಮುಖದಲ್ಲಿ ಅಂಥ ನಿರಾಳವನ್ನು ನಾನು ಎಂದೂ ಕಂಡಿರಲಿಲ್ಲ. ನೇರ ನಮ್ಮ ಮನೆಗೆ ಬಂದು, ಬಟ್ಟೆಯ ಬ್ಯಾಗನ್ನು ದೇವರಮನೆಯ ಪಕ್ಕದ ಗೂಟಕ್ಕೆ ತಗುಲಿಹಾಕಿ, “ಇದು ಇಲ್ಲೇ ಇರ್ಲಿ ಶೇಷಾದ್ರಿಗಳೇ” ಎಂದರು. ‘ಇಲ್ಲ’ ಎನ್ನುವುದು ನನಗೆ ಗೊತ್ತಿಲ್ಲವಲ್ಲ. ಖರ್ಜೂರದ ಡಬ್ಬಿ ಕೊಟ್ಟರು. ಒಂಟಿ ಮರವನ್ನೂ ನೋಡಿಬಂದರಂತೆ. ನಮ್ಮ ನುಗ್ಗೆಗಿಂತ ದೊಡ್ಡದಂತೆ.

ಅವರ ಮನೆಯ ಜಗಲಿಯಲ್ಲಿ ಚಿದಂಬರಯ್ಯ ಕಾದು ನಿಂತಿದ್ದರು. ಎರಡು ಸುತ್ತು ಇಳಿದಿದ್ದರು. ಕಿವಿಯಲ್ಲಿ ಹತ್ತಿ.

“ಬಂದ್ಯಾ ವಿಶಾಲು! ಆ ಪೆಟ್ಟಿಗೆ ಮಾಡಿದ ಕಾಫಿ ಕುಡಿದು ನಾಲಿಗೆ ಸತ್ತೋಗಿದೆ. ನಿನ್ನ ಕೈಯಾರೆ ಒಂದು ಲೋಟ ಮಾಡಿಕೊಡು.”

ವಿಶಾಲಾಕ್ಷಮ್ಮ ಒಳಗೆ ಹೋಗಿ, ಕುರ್ಚಿ ತಂದು, ಜಗಲಿಯಲ್ಲಿ ಹಾಕಿಕೊಂಡು, ಕಾಲು ಚಾಚಿ ಕೂತರು.

“ಪಂಚಾಂಗ ನೋಡಿದೀನಿ. ಪ್ರವಾಸ ಮುಗಿಸಿ ಮನೆ ಸೇರೋಕೆ ಒಳ್ಳೆ ಗಳಿಗೆ ಇರೋದು ಬರೋ ಗುರುವಾರ. ಅಲ್ಲೀವರೆಗೂ ನನ್ನ ಬ್ಯಾಗು ಶೇಷಾದ್ರಿಗಳ ಮನೇಲಿರುತ್ತೆ.”

“ಬ್ಯಾಗು ಅಲ್ಲಿದ್ರೆ ಏನಾಯ್ತೇ? ನೀನು ಮನೆಗೆ ಬಂದ್ಯಲ್ಲ!”

“ಮೈ ಬಂದಿದೆ ಅಷ್ಟೇ. ಪೆಟ್ಟಿಗೆ ಆಚೆ ಇದ್ರೆ ಮನುಷ್ಯ ಪ್ರವಾಸದಲ್ಲಿದ್ದ ಹಾಗೇ ಅಂತ ನೀವೇ ಹೇಳಿದ್ರಿ. ಶಾಸ್ತ್ರ ಅಂದ್ರೆ ಶಾಸ್ತ್ರ!”

ಚಿದಂಬರಯ್ಯ ಕಾಂಪೌಂಡಿನ ಮೇಲಿಂದ ನನ್ನತ್ತ ದೀನವಾಗಿ ನೋಡಿದರು. ನಾನು ತುಳಸಿಗೆ ನೀರು ಹಾಕುವುದರಲ್ಲಿ ಮಗ್ನನಾದೆ. ಕೊನೆಗೆ ಅವರು ದನಿ ತಗ್ಗಿಸಿ, “ಅರ್ಧ ಲೋಟನಾದ್ರೂ ಮಾಡೇ ವಿಶಾಲು” ಎಂದರು.

“ಮಾಡಲ್ಲ!”